ದೇವರ ಪೆಟ್ಟಿಗೆಯ ಐದು ಕಲ್ಲುಗಳು

ಕಳೆದ ತಿಂಗಳು ನಮ್ಮ ಕೈ ಸೇರಿದ ಕಾಗದಗಳಲ್ಲಿ ಒಂದನ್ನು ನಾವು ಮೂರು ನಾಲ್ಕು ಸಲ ಓದಿ, ಮಡಿಸಿ, ಪಂಚಾಂಗದ ಹಾಳೆಗಳ ನಡುವೆ ಇಟ್ಟುಕೊಂಡಿದ್ದೆವು. ಬರೆದವರು ಒಬ್ಬ ಗೃಹಸ್ಥರು. ತಮ್ಮ ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂದು ಕೇಳಿಕೊಂಡಿರುವರು. ಅವರದು ತಲೆತಲಾಂತರದಿಂದ ಶಿವಪೂಜೆ ನಡೆದುಬಂದ ಸ್ಮಾರ್ತ ಮನೆತನ. ವರುಷದ ಹಿಂದೆ ಮಗನಿಗೆ ವಿವಾಹವಾಗಿ ಸೊಸೆಯು ಮನೆ ತುಂಬಿದಳು. ಬರುವಾಗ ಅವಳು ತವರಿನಿಂದ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಹಿತ್ತಾಳೆಯ ಬಾಲಕೃಷ್ಣನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳಂತೆ. ಗೃಹಸ್ಥರ ತಾಯಿಯವರು ಎಂಬತ್ತು ದಾಟಿದ ವೃದ್ಧೆ. ನಮ್ಮ ಮಂಟಪದಲ್ಲಿ ಲಿಂಗದ ಪಕ್ಕಕ್ಕೆ ಬೇರೊಂದು ಮನೆಯ ದೇವರು ಕೂಡದೆಂದು ಹೇಳಿ, ಆಕೆ ಅದನ್ನು ಅಡಿಗೆಮನೆಯ ಗೂಡಿನಲ್ಲಿ ಇಡಿಸಿದರು. ಹುಡುಗಿಯು ಎದುರುತ್ತರ ಕೊಡಲಿಲ್ಲ. ಆದರೆ ಅಂದಿನಿಂದ ಅವಳು ದೇವರಮನೆಯ ಹೊಸ್ತಿಲಿಗೆ ರಂಗವಲ್ಲಿಯನ್ನು ಇಡುವಳೇ ಹೊರತು ಒಳಕ್ಕೆ ಕಾಲಿಡುವುದಿಲ್ಲ. ಮನೆಯಲ್ಲಿ ಯಾರೂ ಜಗಳವಾಡುತ್ತಿಲ್ಲ, ಅದೇ ನಮಗೆ ಭಯವೆಂದು ಬರೆದು, ಶಾಸ್ತ್ರವು ಏನು ಹೇಳುತ್ತದೆಂದು ಕೇಳಿರುವರು. ಕಾಗದದ ಕೊನೆಯಲ್ಲಿ, ಬೇರೆ ಮಸಿಯಲ್ಲಿ, ಇನ್ನೊಂದು ಸಾಲು ಇದೆ: ಇವರಿಬ್ಬರಲ್ಲಿ ಯಾರು ದೊಡ್ಡವರು?

ಈ ಕೊನೆಯ ಪ್ರಶ್ನೆಯನ್ನು, ೩೪ ವರುಷ ಪಾಠ ಹೇಳಿದ ನಾವು, ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ದೊಡ್ಡವರಾರೆಂಬುದು ತೀರ್ಮಾನವಾಗದೆ ಹುಡುಗರಿಗೆ ಕಥೆ ಮುಂದಕ್ಕೆ ಸಾಗದು. ಅದು ಅವರ ವಯೋಧರ್ಮ. ಆದರೆ ಕಾಗದದವರು "ಇವರಿಬ್ಬರಲ್ಲಿ" ಎಂದುದು ಹರಿಹರರನ್ನು ಕುರಿತೋ, ಮನೆಯ ವೃದ್ಧೆಯನ್ನೂ ಹೊಸ ಹುಡುಗಿಯನ್ನೂ ಕುರಿತೋ ಎಂಬುದು ನಮಗೆ ಸ್ಪಷ್ಟವಾಗಲಿಲ್ಲ. ಬರೆದವರಿಗೂ ಸ್ಪಷ್ಟವಾಗಿತ್ತೆಂದು ತೋರುವುದಿಲ್ಲ.

ಶಾಸ್ತ್ರದ ಉತ್ತರವನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ಪೆಟ್ಟಿಗೆಯ ವಿಷಯವನ್ನು ಹೇಳಬೇಕಾಗಿದೆ. ಹೇಳಲು ಸಂಕೋಚವುಂಟು, ಏಕೆಂದರೆ ಅದರಲ್ಲಿ ತಪ್ಪು ನಮ್ಮದೇ.

ನಮ್ಮ ತಂದೆಯವರು ಪೂಜಿಸುತ್ತಿದ್ದ ದೇವರ ಪೆಟ್ಟಿಗೆ ಹಲಸಿನ ಮರದ್ದು. ಒಂದು ಗೇಣು ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ. ಒಳಗೆ ತಾಮ್ರದ ತಟ್ಟೆ, ತಟ್ಟೆಯಲ್ಲಿ ಐದು ಕಲ್ಲುಗಳು. ಇದಕ್ಕೆ ಪಂಚಾಯತನವೆಂದು ಹೆಸರು. ಸ್ಮಾರ್ತರ ಮನೆಗಳಲ್ಲಿ ಇಂದಿಗೂ ಕಾಣಬಹುದು. ಶಿವ, ವಿಷ್ಣು, ಅಂಬಿಕೆ, ಸೂರ್ಯ, ಗಣಪತಿ ಎಂಬ ಐವರನ್ನು ಕೈಕಾಲುಗಳುಳ್ಳ ಮೂರ್ತಿಗಳಾಗಿ ಅಲ್ಲ, ಕೇವಲ ಕಲ್ಲುಗಳಾಗಿ ಅರ್ಚಿಸುವ ಕ್ರಮವಿದು. ಶಂಕರಾಚಾರ್ಯರು ಇದನ್ನು ನೆಲೆಗೊಳಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಈ ಐವರೊಡನೆ ಸ್ಕಂದನನ್ನೂ ಸೇರಿಸಿ ಅವರನ್ನು ಷಣ್ಮತಸ್ಥಾಪನಾಚಾರ್ಯರೆಂದು ಕೊಂಡಾಡುವುದೂ ಉಂಟು. ಆದರೆ ನಡುವೆ ಒಂದು ದೊಡ್ಡ ಗುಡಿ, ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿಕ್ಕ ಗುಡಿಗಳೆಂಬ ವಿನ್ಯಾಸವು ಆಚಾರ್ಯರಿಗಿಂತ ಹಳೆಯದು. ಉತ್ತರಪ್ರದೇಶದ ದೇವಗಢದಲ್ಲಿರುವ ಗುಪ್ತರ ಕಾಲದ ದಶಾವತಾರ ದೇವಾಲಯದ ತಳವು ಹಾಗೆಯೇ ಇದೆ. ಅಷ್ಟು ದೊಡ್ಡದನ್ನು ಒಂದು ತಟ್ಟೆಯೊಳಕ್ಕೆ ಇಳಿಸಿ ಗೃಹಸ್ಥನ ಕೈಗೆ ಕೊಟ್ಟುದೇ ಪಂಚಾಯತನ ಪೂಜೆಯ ವಿಶೇಷ.

ಕಲ್ಲುಗಳ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವೆವು. ಅನೇಕ ಮನೆಗಳಲ್ಲಿ ದಿನವೂ ಇವನ್ನು ತೊಳೆಯುವವರಿಗೇ ಇವು ಎಲ್ಲಿಂದ ಬಂದವೆಂಬುದು ಮರೆತುಹೋಗಿದೆ. ವಿಷ್ಣುವಾದ ಸಾಲಿಗ್ರಾಮವು ನೇಪಾಳದ ಗಂಡಕೀ ನದಿಯದು. ಕಪ್ಪಾಗಿ ನುಣುಪಾಗಿ, ಒಳಗೆ ಚಕ್ರದಂತೆ ಸುತ್ತಿದ ರೇಖೆಗಳುಳ್ಳದ್ದು. ವಜ್ರಕೀಟವೆಂಬ ಹುಳುವು ಕೊರೆದು ಆ ಚಕ್ರವನ್ನು ಮಾಡಿತೆಂದು ಹಿಂದಿನವರು ನಂಬಿದ್ದರು. ಹಿಮಾಲಯವು ಏಳುವುದಕ್ಕೂ ಮೊದಲು ಅಲ್ಲಿ ಸಮುದ್ರವಿತ್ತು; ಆ ಸಮುದ್ರದಲ್ಲಿ ಬಾಳಿ, ಹತ್ತು ಕೋಟಿ ವರುಷಗಳಿಗೂ ಹಿಂದೆ ಕೆಸರಿನಲ್ಲಿ ಹೂತುಹೋದ ಚಿಪ್ಪಿನ ಪ್ರಾಣಿಗಳ ಅಚ್ಚು ಅದೆಂದು ಭೂವಿಜ್ಞಾನಿಗಳು ತಿಳಿಸಿರುವರು. ಹುಳುವೇ ಅಲ್ಲವಾದರೂ ಒಂದು ಜೀವವೇ ಆ ಚಕ್ರವನ್ನು ಬರೆದದ್ದೆಂಬಲ್ಲಿಗೆ ಹಿಂದಿನವರ ಮಾತು ತೀರ ಸುಳ್ಳಾಗಲಿಲ್ಲ. ಶಿವನಾದ ಬಾಣಲಿಂಗವು ನರ್ಮದೆಯದು. ನೀರಿನ ಹೊಡೆತಕ್ಕೆ ಉರುಳಿ ಉರುಳಿ ತಾನಾಗಿಯೇ ಅಂಡಾಕಾರವಾದದ್ದು. ಗಣಪತಿಯಾದ ಕೆಂಪುಕಲ್ಲು ಶೋಣಭದ್ರದ್ದು. ಶೋಣವು ನದಿಯಲ್ಲ, ನದ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಲಿಂಗವನ್ನು ಗಮನಿಸಲಿ. ಅಂಬಿಕೆಯ ಕಲ್ಲು ಕಾಳಹಸ್ತಿಯ ಬಳಿ ಹರಿಯುವ ಸ್ವರ್ಣಮುಖಿಯದು. ಸೂರ್ಯನಾದ ಸ್ಫಟಿಕವೊಂದೇ ಹೊಳೆಯದಲ್ಲ. ತಂಜಾವೂರಿನ ಹತ್ತಿರದ ವಲ್ಲಂ ಎಂಬ ಊರಿನದು. ಹೀಗೆ ಹಿಮಾಲಯದ ತಪ್ಪಲಿನಿಂದ ಚೋಳದೇಶದವರೆಗಿನ ಭೂಮಿಯು ಒಂದು ಗೇಣಿನ ಪೆಟ್ಟಿಗೆಯಲ್ಲಿ ಕುಳಿತಿರುವುದು. ನಮ್ಮ ತಂದೆಯವರು ತಮ್ಮ ಜನ್ಮದಲ್ಲಿ ಮೈಸೂರಿನಿಂದಾಚೆಗೆ ಹೋದವರಲ್ಲ.

ಇನ್ನು ಅವುಗಳನ್ನು ಇಡುವ ಕ್ರಮ. ಯಾವ ದೇವತೆಯಲ್ಲಿ ಮನೆಯವರ ಮನಸ್ಸು ನೆಟ್ಟಿರುವುದೋ ಆ ದೇವತೆಗೆ ನಡುಸ್ಥಾನ, ಅದೇ ಇಷ್ಟದೇವತೆ. ಮಿಕ್ಕ ನಾಲ್ವರು ನಾಲ್ಕು ಮೂಲೆಗಳಲ್ಲಿ. ಶಿವನು ನಡುವೆ ಇದ್ದರೆ ವಿಷ್ಣುವು ಈಶಾನ್ಯದಲ್ಲಿ, ಸೂರ್ಯನು ಆಗ್ನೇಯದಲ್ಲಿ, ಗಣಪತಿಯು ನೈರ್ಋತ್ಯದಲ್ಲಿ, ಅಂಬಿಕೆಯು ವಾಯವ್ಯದಲ್ಲಿ. ವಿಷ್ಣುವು ನಡುವೆ ಬಂದರೆ ಶಿವನು ಈಶಾನ್ಯಕ್ಕೆ ಹೋಗುವನು, ಗಣಪತಿಯು ಆಗ್ನೇಯಕ್ಕೆ, ಸೂರ್ಯನು ನೈರ್ಋತ್ಯಕ್ಕೆ. ದೇವಿಯು ಇದ್ದಲ್ಲಿಯೇ ಇರುವಳು. ಅಂಬಿಕೆ, ಸೂರ್ಯ, ಗಣಪತಿ ಇವರಲ್ಲಿ ಒಬ್ಬರು ನಡುವೆ ಬರುವುದಾದರೂ ಇಂತಹುದೇ ಒಂದೊಂದು ಕ್ರಮವುಂಟು. ಐದು ಬಗೆಯ ತಟ್ಟೆಗಳಿವೆ. ಆದರೆ ನಾಲ್ಕೇ ಕಲ್ಲುಗಳ ತಟ್ಟೆಯನ್ನು ಪದ್ಧತಿಯ ಗ್ರಂಥಗಳಲ್ಲಿ ನಾವು ಕಂಡಿಲ್ಲ. ನಡುವೆ ಇರುವವನು ಬದಲಾಗಬಹುದು. ಹೊರಕ್ಕೆ ಹೋಗುವವನು ಯಾರೂ ಇಲ್ಲ.

ಇಷ್ಟನ್ನು ಬಾಯಿಪಾಠವಾಗಿ ಬಲ್ಲ ನಾವು ಮಾಡಿದ್ದೇನು?

ತಂದೆಯವರು ೧೯೯೭ರಲ್ಲಿ ತೀರಿಕೊಂಡರು. ಮರುವರುಷ ನಾವೂ ನಮ್ಮ ತಮ್ಮನೂ ಭಾಗವಾದೆವು. ಗದ್ದೆ, ತೋಟ, ಪಾತ್ರೆ, ಹಸು ಎಲ್ಲವೂ ಎರಡು ಪಾಲಾಗಿ ಕೊನೆಗೆ ಪೆಟ್ಟಿಗೆ ಉಳಿಯಿತು. ತಮ್ಮನು ಹರಿಹರದಲ್ಲಿ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದನು. ಮದುವೆಯಾದ ಮೇಲೆ ಹೆಂಡತಿಯ ಕಡೆಯವರ ಸಹವಾಸದಿಂದ ಅವನಿಗೆ ವಿಷ್ಣುವಿನಲ್ಲಿ ಭಕ್ತಿ ಬಲವಾಗಿತ್ತು. ಅವನು ಮೆಲ್ಲಗೆ, ಸಾಲಿಗ್ರಾಮವನ್ನು ನನಗೆ ಕೊಡು, ಉಳಿದ ನಾಲ್ಕೂ ನಿನಗಿರಲಿ, ಎಂದನು. ಕೇಳಿದ ರೀತಿಯಲ್ಲಿ ದೋಷವಿರಲಿಲ್ಲ. ನಾವು ಒಡನೆಯೇ ಗೀತೆಯ ಒಂಬತ್ತನೆಯ ಅಧ್ಯಾಯಕ್ಕೆ ಹೋದೆವು. ಶ್ರದ್ಧೆಯಿಂದ ಅನ್ಯ ದೇವತೆಗಳನ್ನು ಭಜಿಸುವವರೂ ಭಗವಂತನನ್ನೇ ಭಜಿಸುವರೆಂಬ ಅರ್ಧವನ್ನು ಹೇಳಿ, ಎಲ್ಲವೂ ಒಂದೇ ಆದಮೇಲೆ ಸಾಲಿಗ್ರಾಮವೇ ಏಕೆ ಬೇಕೆಂದು ಕೇಳಿದೆವು. ಅವನು ಅದೇ ಶ್ಲೋಕದ ಉಳಿದರ್ಧವನ್ನು ಹೇಳಿದನು. ಆ ಭಜನೆಯು ವಿಧಿ ತಪ್ಪಿದ್ದೆಂದು ಅಲ್ಲಿ ಇದೆ. ಲೆಕ್ಕ ಬರೆಯುವವನು ನಮಗೆ ಸಂಸ್ಕೃತವನ್ನು ಹೇಳಿಕೊಡುವನೇ ಎಂಬ ಸಿಟ್ಟು ನಮ್ಮನ್ನು ಹಿಡಿಯಿತು. ಐದರಲ್ಲಿ ಒಂದು ಕಳೆದರೆ ನಾಲ್ಕೆಂದು ತೋರುವುದು ನಿನ್ನ ಉದ್ಯೋಗಕ್ಕೆ ಸಹಜವೇ ಎಂದುಬಿಟ್ಟೆವು. ನೆಂಟರೆಲ್ಲರೂ ನಕ್ಕರು. ತಮ್ಮನು ನಗಲಿಲ್ಲ. ಅಣ್ಣನಿಗೆ ದೇವರು ಬೇಕಾಗಿಲ್ಲ, ಪೆಟ್ಟಿಗೆ ಬೇಕಾಗಿದೆ ಎಂದು ಹೇಳಿ ಎದ್ದುಹೋದನು.

ಪೆಟ್ಟಿಗೆಯನ್ನು ಇಬ್ಬರೂ ಒಯ್ಯಬಾರದೆಂದು ಪಂಚರು ಗೊತ್ತುಮಾಡಿ, ತೀರ್ಮಾನವಾಗುವವರೆಗೆ ನಮ್ಮ ಸೋದರತ್ತೆಯ ಕೋಣೆಯಲ್ಲಿ ಇರಿಸಿದರು. ಆಷಾಢದಿಂದ ಆಶ್ವಯುಜದವರೆಗೆ ಅದು ಅಲ್ಲಿಯೇ ಇತ್ತು. ಸಾಲಿಗ್ರಾಮವಿರುವ ಮನೆಯಲ್ಲಿ ನಿತ್ಯಪೂಜೆ ತಪ್ಪಬಾರದೆಂಬುದು ನಿಯಮ. ಆ ಮೂರು ತಿಂಗಳು ನೀರೂ ಇಲ್ಲ, ನೈವೇದ್ಯವೂ ಇಲ್ಲ. ಪೂಜೆಯ ಹಕ್ಕಿಗಾಗಿ ಹೋರಾಡಿದ ಇಬ್ಬರೂ ಪೂಜೆಯನ್ನು ನಿಲ್ಲಿಸಿದೆವು. ದಸರೆಯ ರಜೆಯಲ್ಲಿ ಅತ್ತೆಯನ್ನು ನೋಡಲು ಹೋದಾಗ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ತುಳಸಿಯ ದಳವೂ ಒಂದು ಬಿಲ್ವದ ದಳವೂ ಕಂಡವು. ಅವುಗಳ ಕೆಳಗೆ ಹಿಂದಿನ ದಿನಗಳ ಒಣಗಿದ ಎಲೆಗಳ ಕಲೆಗಳಿದ್ದವು. ಅತ್ತೆಯು ಬಾಲ್ಯದಲ್ಲಿಯೇ ಪತಿಯನ್ನು ಕಳೆದುಕೊಂಡು ತವರಿನಲ್ಲಿ ಮುಪ್ಪಾದವಳು. ದಿನವೂ ಹೀಗೆ ಇಡುವೆಯಾ ಎಂದು ಕೇಳಿದೆವು. ಕಲ್ಲನ್ನು ಮುಟ್ಟುವ ಅಧಿಕಾರ ನನಗಿಲ್ಲವೆಂದು ನಿಮ್ಮಪ್ಪ ಹೇಳಿದ್ದ, ಮುಚ್ಚಳವನ್ನು ಮುಟ್ಟಬಾರದೆಂದು ಯಾರೂ ಹೇಳಲಿಲ್ಲವಲ್ಲ, ಎಂದಳು.

ಆ ಸಂಜೆಯೇ ತಮ್ಮನಿಗೆ ಕಾಗದ ಬರೆದೆವು. ಅವನು ಬಂದನು. ತೀರ್ಪನ್ನು ಅತ್ತೆಯೇ ಕೊಟ್ಟಳು: ಗದ್ದೆಗೆ ಬದು ಹಾಕಿಕೊಳ್ಳಿರಿ, ಇದಕ್ಕೆ ಸರದಿ ಹಾಕಿಕೊಳ್ಳಿರಿ. ಉತ್ತರಾಯಣದ ಆರು ತಿಂಗಳು ತಮ್ಮನಿಗೆ, ದಕ್ಷಿಣಾಯನದ ಆರು ತಿಂಗಳು ನಮಗೆ. ಅವನ ಮನೆಯಲ್ಲಿ ಸಾಲಿಗ್ರಾಮವು ನಡುವೆ, ನಮ್ಮಲ್ಲಿ ಬಾಣಲಿಂಗವು ನಡುವೆ. ಕಲ್ಲುಗಳು ಅವೇ ಐದು.

ಮುಂದಿನ ಮಕರ ಸಂಕ್ರಮಣದಂದು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಶಿವಮೊಗ್ಗೆಯಿಂದ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಮಾತು ಹೊಸದಾಗಿ ಕೂಡಿದ ಸಂಕೋಚ ಇಬ್ಬರಿಗೂ ಇತ್ತು. ಮನೆಯಲ್ಲಿ ಕುಳಿತು ಮಾತನಾಡಲಾರದೆ ತಮ್ಮನು ನಮ್ಮನ್ನು ಹರಿಹರೇಶ್ವರನ ಗುಡಿಗೆ ಕರೆದೊಯ್ದನು. ಹೊಯ್ಸಳ ಎರಡನೆಯ ವೀರನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿಗೆ ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ದೇವಾಲಯವದು. ಒಳಗಿರುವುದು ಒಂದೇ ಶರೀರ: ಬಲಭಾಗವು ಹರ, ಎಡಭಾಗವು ಹರಿ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲವೆಂಬ ವರವನ್ನು ಪಡೆದು ಮೆರೆಯುತ್ತಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರೆಂಬುದು ಸ್ಥಳದ ಕಥೆ. ಈ ರೂಪವೂ ಹೊಯ್ಸಳರು ಹೊಸದಾಗಿ ಕಲ್ಪಿಸಿದ್ದಲ್ಲ. ಚಾಲುಕ್ಯರ ಬಾದಾಮಿಯಲ್ಲಿ, ೫೭೮ರ ಶಾಸನವುಳ್ಳ ಮೂರನೆಯ ಗುಹೆಯಲ್ಲಿಯೂ ಅದಕ್ಕೆ ಮೊದಲಿನ ಶಿವನ ಗುಹೆಯಲ್ಲಿಯೂ ಹರಿಹರನನ್ನು ಆಳೆತ್ತರಕ್ಕೆ ಕಡೆದಿರುವರು. ಗುಡಿಯಿಂದ ಹೊರಗೆ ಬಂದಮೇಲೆ ತಮ್ಮನು, ಅಸುರನನ್ನು ಕೊಲ್ಲುವ ಅಗತ್ಯ ಬೀಳದಿದ್ದರೆ ಇವರಿಬ್ಬರೂ ಬೇರೆ ಬೇರೆಯಾಗಿಯೇ ಇದ್ದುಬಿಡುತ್ತಿದ್ದರೋ ಏನೋ ಎಂದನು. ಆಗ ಇಬ್ಬರೂ ನಕ್ಕೆವು. ಲೆಕ್ಕ ಬರೆಯುವವರಿಗೆ ಹಾಸ್ಯ ಬಾರದೆಂಬ ನಮ್ಮ ಭಾವನೆಯೂ ಅಂದಿಗೆ ಹೋಯಿತು.

ದೇವರ ಎಣಿಕೆಯ ವಿಚಾರವು ಹೊಸದಲ್ಲ. ಬೃಹದಾರಣ್ಯಕದ ಮೂರನೆಯ ಅಧ್ಯಾಯದಲ್ಲಿ, ವಿದೇಹದ ಜನಕರಾಜನ ಸಭೆಯಲ್ಲಿ, ಶಾಕಲ್ಯನು ಯಾಜ್ಞವಲ್ಕ್ಯನನ್ನು ದೇವತೆಗಳು ಎಷ್ಟೆಂದು ಕೇಳುವನು. ಮೊದಲ ಉತ್ತರವು ೩೩೦೬. ಸರಿ, ಆದರೆ ನಿಜವಾಗಿ ಎಷ್ಟು ಎಂದು ಮತ್ತೆ ಕೇಳಿದರೆ ೩೩; ಎಂಟು ವಸುಗಳು, ಹನ್ನೊಂದು ರುದ್ರರು, ಹನ್ನೆರಡು ಆದಿತ್ಯರು, ಇಂದ್ರ, ಪ್ರಜಾಪತಿ. ಮತ್ತೆ ಕೇಳಿದರೆ ಆರು, ಆಮೇಲೆ ಮೂರು, ಆಮೇಲೆ ಎರಡು, ಆಮೇಲೆ ಒಂದೂವರೆ, ಕೊನೆಗೆ ಒಂದು. ಪಾಠ ಹೇಳುವಾಗ ಒಂದೂವರೆ ಎಂಬಲ್ಲಿಗೆ ಬಂದೊಡನೆ ಹುಡುಗರೆಲ್ಲರೂ ತಲೆಯೆತ್ತುತ್ತಿದ್ದರು. ಅದು ವಾಯು, ವಾಯುವು ಒಂದೇ ಆಗಿದ್ದರೂ ಅದರಲ್ಲಿ ಸಮಸ್ತವೂ ಬೆಳೆಯುವುದರಿಂದ ಋಷಿಯು ಅದನ್ನು ಒಂದರ ಮೇಲೆ ಅರ್ಧ ಎಂದನು. ಕೊನೆಯ ಒಂದು ಪ್ರಾಣ, ಅದೇ ಬ್ರಹ್ಮ. ಇಲ್ಲಿ ನಾವು ಗಮನಿಸತಕ್ಕದ್ದು ಇಷ್ಟು: ಯಾಜ್ಞವಲ್ಕ್ಯನು ಹಿಂದಿನ ಯಾವ ಉತ್ತರವನ್ನೂ ತಪ್ಪೆಂದು ಅಳಿಸಲಿಲ್ಲ. ೩೩೦೬ ಎಂದುದು ಸುಳ್ಳು, ಒಂದು ಎಂದುದೇ ನಿಜ ಎಂದು ಅವನು ಹೇಳುವುದಿಲ್ಲ. ಮೊದಲಿನವು ಅವರ ಮಹಿಮೆಗಳು ಎನ್ನುವನು. ಮೂವತ್ತಮೂರು ಕೋಟಿಯೆಂಬ ಜನರ ಮಾತಿಗೆ ಕೋಟಿಯೆಂದರೆ ಬಗೆಯೆಂದು ಅರ್ಥ ಮಾಡಿ ಮಾನವನ್ನು ಉಳಿಸಲು ಈಗಿನ ಕೆಲವರು ಶ್ರಮಪಡುವರು. ಶ್ರಮ ಬೇಡವೆಂದು ನಮ್ಮ ಅಭಿಪ್ರಾಯ. ಒಂದೆಂಬುದನ್ನು ತಿಳಿದವರಿಗೆ ಕೋಟಿಯಿಂದ ನಾಚಿಕೆಯೇನು?

ನಡುಸ್ಥಾನವು ಬದಲಾಗುವುದೆಂಬುದಕ್ಕೆ ಕಾಲವೇ ದೊಡ್ಡ ಸಾಕ್ಷಿ. ಋಗ್ವೇದದ ೧೦೨೮ ಸೂಕ್ತಗಳಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಇಂದ್ರನವು. ಅಗ್ನಿಯದು ಅದಕ್ಕೆ ಸ್ವಲ್ಪ ಕಡಿಮೆ. ವಿಷ್ಣುವಿಗೂ ರುದ್ರನಿಗೂ ಬೆರಳಲ್ಲಿ ಎಣಿಸುವಷ್ಟು ಮಾತ್ರ. ಈಗ ಇಂದ್ರನಿಗೆ ಮನೆಯಲ್ಲಿ ಪೂಜೆ ಮಾಡುವವರು ಯಾರು? ಹಾಗೆಂದು ಅವನನ್ನು ಯಾರೂ ಓಡಿಸಲಿಲ್ಲ. ಚಾಲುಕ್ಯ ಹೊಯ್ಸಳರ ಗುಡಿಗಳಲ್ಲಿ ನವರಂಗದ ಮಾಡನ್ನು ತಲೆಯೆತ್ತಿ ನೋಡಿದರೆ ಎಷ್ಟೋ ಕಡೆಗಳಲ್ಲಿ ಪೂರ್ವಕ್ಕೆ ಇಂದ್ರನು ಐರಾವತದ ಮೇಲೆ, ಆಗ್ನೇಯಕ್ಕೆ ಅಗ್ನಿಯು ಟಗರಿನ ಮೇಲೆ, ಪಶ್ಚಿಮಕ್ಕೆ ವರುಣನು ಮಕರದ ಮೇಲೆ ದಿಕ್ಕು ಕಾಯುತ್ತ ಕುಳಿತಿರುವರು. ಸೃಷ್ಟಿಕರ್ತನಾದ ಬ್ರಹ್ಮನಿಗೆ ಗುಡಿಗಳು ವಿರಳ. ರಾಜಸ್ಥಾನದ ಪುಷ್ಕರದ್ದು ಪ್ರಸಿದ್ಧ. ಆದರೂ ಮದುವೆ ಮುಂಜಿಗಳಲ್ಲಿ ಅವನನ್ನು ಕರೆಯದೆ ಹೋಮವು ನಡೆಯದು. ಮನೆಯಲ್ಲಿ ಯಜಮಾನಿಕೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಜಗಲಿಯಲ್ಲಿ ಕುಳಿತ ಹಿರಿಯರಂತೆ ಇವರು. ನಿವೃತ್ತರಾದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇದನ್ನು ಎಲ್ಲ ಮತದವರೂ ಒಪ್ಪುವರೆಂದು ಹೇಳಿದರೆ ಅಸತ್ಯವಾದೀತು. ೧೩ನೆಯ ಶತಮಾನದ ಮಧ್ವಾಚಾರ್ಯರ ಮತದಲ್ಲಿ ದೇವತೆಗಳಿಗೆ ತಾರತಮ್ಯವುಂಟು. ವಿಷ್ಣುವೇ ಸರ್ವೋತ್ತಮನು, ಮಿಕ್ಕವರು ಕ್ರಮವಾಗಿ ಅವನ ಪರಿವಾರ. ಅಲ್ಲಿ ನಡುಸ್ಥಾನವು ಕದಲುವಂತಿಲ್ಲ. ಆದರೂ ಉಡುಪಿಗೆ ಹೋದವರು ಮೊದಲು ಚಂದ್ರಮೌಳೀಶ್ವರನನ್ನೂ ಅನಂತೇಶ್ವರನನ್ನೂ ಕಂಡು ಬಳಿಕ ಕೃಷ್ಣನ ದರ್ಶನಕ್ಕೆ ಬರುವುದು ರೂಢಿಯಾಗಿದೆ. ಶ್ರೀವೈಷ್ಣವರಿಗೆ ನಾರಾಯಣನೊಬ್ಬನೇ ಶರಣ್ಯನು. ೧೨ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮೂಲೆಗಳ ದೇವತೆಗಳನ್ನು ಮಾತ್ರವಲ್ಲದೆ ಗುಡಿಯನ್ನೇ ಬಿಟ್ಟು, ಅಂಗೈಯ ಇಷ್ಟಲಿಂಗವೊಂದರಲ್ಲಿಯೇ ನಿಷ್ಠೆಯನ್ನಿಟ್ಟರು. ಇವರ ಮನೆಗಳಲ್ಲಿ ಇಂತಹ ಕಾಗದವು ಹುಟ್ಟಿದ್ದರೆ ಅವರವರ ಗುರುಗಳನ್ನೇ ಕೇಳಿರೆಂದು ನಾವು ಸುಮ್ಮನಿರುತ್ತಿದ್ದೆವು. ಇನ್ನೊಂದು ಕಡೆ ಧರ್ಮಸ್ಥಳವಿದೆ. ದೇವರು ಮಂಜುನಾಥನಾದ ಶಿವ, ಅರ್ಚಕರು ಮಾಧ್ವರು, ಹೆಗ್ಗಡೆಯವರು ಜೈನರು. ಮಾಡಿದ ಕರ್ಮವು ಫಲವನ್ನು ಕೊಡದೆ ಬಿಡದು, ಬಿಡುಗಡೆಯೆಂಬುದೊಂದು ಉಂಟು ಎಂಬಷ್ಟರಲ್ಲಿ ಬಹುಮಟ್ಟಿಗೆ ಎಲ್ಲರೂ ಒಂದಾಗುವರು. ದೇವರ ಹೆಸರಿನಲ್ಲಿ ಒಂದಾಗುವುದು ಕಷ್ಟ.

ಕಾಗದ ಬರೆದವರದು ಸ್ಮಾರ್ತರ ಮನೆಯಾದ್ದರಿಂದ ಉತ್ತರವನ್ನು ಧೈರ್ಯವಾಗಿ ಹೇಳಬಹುದು. ವೃದ್ಧೆಯವರ ಭಯಕ್ಕೆ ಒಂದು ಕಾರಣವಿದ್ದೀತು. ಒಂದೇ ಮನೆಯಲ್ಲಿ ಎರಡು ಲಿಂಗಗಳನ್ನೂ ಎರಡು ಸಾಲಿಗ್ರಾಮಗಳನ್ನೂ ಮೂರು ಗಣಪತಿಗಳನ್ನೂ ಪೂಜಿಸಬಾರದೆಂಬ ಒಂದು ನಿಷೇಧವು ಪದ್ಧತಿಗಳಲ್ಲಿದೆ. ಅದನ್ನು ಅವರು ಬಾಲ್ಯದಲ್ಲಿ ಕೇಳಿರಬಹುದು. ಆದರೆ ಅದು ಒಂದೇ ದೇವತೆಯು ಇಮ್ಮಡಿಯಾಗುವುದನ್ನು ಕುರಿತ ಮಾತು. ಲಿಂಗವಿರುವಲ್ಲಿ ಕೃಷ್ಣನು ಬರಬಾರದೆಂದು ಅದರ ಅರ್ಥವಲ್ಲ. ವಿಗ್ರಹದ ಪ್ರಮಾಣದಲ್ಲಿಯೂ ದೋಷವಿಲ್ಲ. ಹೆಬ್ಬೆರಳಿನ ಗಿಣ್ಣಿನಿಂದ ಗೇಣಿನವರೆಗಿನ ಪ್ರತಿಮೆಯು ಮನೆಯ ಪೂಜೆಗೆ ಯೋಗ್ಯವೆಂದು ಮತ್ಸ್ಯಪುರಾಣದಲ್ಲಿ ಹೇಳಿದೆ. ಬಾಣಲಿಂಗ ಸಾಲಿಗ್ರಾಮಗಳಿಗೆ ಆವಾಹನೆ ಬೇಡ, ಅಲ್ಲಿ ದೇವರು ಸದಾ ಇರುವನೆಂದು ನಂಬಿಕೆ; ಹಿತ್ತಾಳೆಯ ವಿಗ್ರಹಕ್ಕೆ ಆವಾಹನೆಯನ್ನು ಮಾಡತಕ್ಕದ್ದು. ಅದಕ್ಕೆ ಹೆಚ್ಚಿನ ಸಂಭ್ರಮವೇನೂ ಬೇಕಾಗಿಲ್ಲ. ಅತಿಥಿಯನ್ನು ಕರೆದು, ಕುಳ್ಳಿರಿಸಿ, ಕಾಲಿಗೆ ನೀರು ಕೊಟ್ಟು, ಮೀಯಿಸಿ, ಉಡಿಸಿ, ಉಣಿಸುವ ಕ್ರಮವೇ ಷೋಡಶೋಪಚಾರ. ಮನೆಗೆ ಹೊಸದಾಗಿ ಬಂದವರಿಗೆ ಮಾಡುವುದೂ ಅದನ್ನೇ.

ಮುಟ್ಟುವ ಅಧಿಕಾರದ ವಿಷಯ ಕಾಗದದಲ್ಲಿ ಇಲ್ಲ, ಆದರೂ ಹೇಳುವೆವು. ಹೆಂಗಸರು ಸಾಲಿಗ್ರಾಮವನ್ನು ಮುಟ್ಟಿ ಪೂಜಿಸಬಾರದೆಂದು ಕೆಲವು ಗ್ರಂಥಗಳಲ್ಲಿ ಉಂಟು. ತಂದೆಯವರಂತೆ ನಾವೂ ಬಹುಕಾಲ ಅದನ್ನು ಹಿಡಿದಿದ್ದೆವು. ನಮ್ಮ ತಮ್ಮನು ೨೦೧೯ರಲ್ಲಿ ತೀರಿಕೊಂಡನು. ಅವನಿಗೆ ಗಂಡುಮಕ್ಕಳಿಲ್ಲ. ಆ ವರುಷದ ಸರದಿಯಲ್ಲಿ ಪೆಟ್ಟಿಗೆಯು ಹರಿಹರದಲ್ಲಿಯೇ ಇತ್ತು. ಇನ್ನು ಪೂಜೆ ನಿಂತಿತು, ತಂದುಬಿಡೋಣವೆಂದು ಹೋದೆವು. ಹೋಗಿ ನೋಡಿದರೆ ಅವನ ಮಗಳು ಮಿಂದು, ಕಲಶಕ್ಕೆ ನೀರು ತುಂಬಿ, ಗಂಗೆಯಿಂದ ಕಾವೇರಿಯವರೆಗಿನ ಏಳು ನದಿಗಳನ್ನು ಅದರೊಳಕ್ಕೆ ಕರೆದು, ಸಾಲಿಗ್ರಾಮಕ್ಕೆ ಅಭಿಷೇಕ ಮಾಡುತ್ತಿದ್ದಳು. ಮಂತ್ರದಲ್ಲಿ ಎರಡು ತಪ್ಪುಗಳಿದ್ದವು. ಬಾಯಿಗೆ ಬಂದ ಮಾತನ್ನು ನಾವು ಆಡಲಿಲ್ಲ. ಹಲಸಿನ ಮುಚ್ಚಳದ ಮೇಲಿನ ಕಲೆಗಳು ಇನ್ನೂ ಹೋಗಿರಲಿಲ್ಲ. ಪೂಜೆ ಮುಗಿದಮೇಲೆ ಆ ಎರಡು ತಪ್ಪುಗಳನ್ನು ಮಾತ್ರ ತಿದ್ದಿಕೊಟ್ಟು, ಬರಿಗೈಯಲ್ಲಿ ಊರಿಗೆ ಬಂದೆವು.

ಸರದಿಯು ಈಗಲೂ ನಡೆಯುತ್ತಿದೆ. ಕರ್ಕಾಟಕ ಸಂಕ್ರಮಣಕ್ಕೆ ಆ ಹುಡುಗಿಯೇ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತರುವಳು. ಬಂದೊಡನೆ ತಟ್ಟೆಯನ್ನು ಹೊರಕ್ಕೆ ತೆಗೆದು, ಸಾಲಿಗ್ರಾ­ಮವನ್ನು ಈಶಾನ್ಯಕ್ಕೆ ಸರಿಸಿ ಬಾಣಲಿಂಗವನ್ನು ನಡುವಿಗೆ ತರುವುದು ಅವಳ ಕೆಲಸ. ಕೆಂಪುಕಲ್ಲು ಯಾವ ಮೂಲೆಗೆಂದು ಈ ವರುಷವೂ ಕೇಳಿದಳು.

ಆದ್ದರಿಂದ ಪತ್ರಲೇಖಕರು ಹೀಗೆ ಮಾಡಬಹುದು. ನಿಮ್ಮ ಮಂಟಪದಲ್ಲಿ ಲಿಂಗವು ನಡುವೆ ಇರುವುದಷ್ಟೆ, ಅದನ್ನು ಕದಲಿಸಬೇಕಾಗಿಲ್ಲ. ಈಶಾನ್ಯದ ಮೂಲೆ ವಿಷ್ಣುವಿನದು. ಅಲ್ಲಿ ಈಗ ಎಣ್ಣೆಯ ಗಿಂಡಿಯೋ ಬತ್ತಿಯ ಡಬ್ಬಿಯೋ ಇದ್ದರೆ ಬೇರೆ ಕಡೆಗೆ ಇಡಿರಿ. ಬಾಲಕೃಷ್ಣನನ್ನು ಗೂಡಿನಿಂದ ತರುವ ಕೆಲಸವನ್ನು ನೀವೂ ಮಾಡಬೇಡಿರಿ, ಸೊಸೆಗೂ ಹೇಳಬೇಡಿರಿ. ನಿಮ್ಮ ತಾಯಿಯವರನ್ನು ಕೇಳಿಕೊಳ್ಳಿರಿ. ಶಿವನ ಈಶಾನ್ಯಕ್ಕೆ ವಿಷ್ಣುವೆಂಬ ವಿಧಿಯನ್ನು ಅವರಿಗೆ ಓದಿ ಹೇಳಿದರೆ ಒಪ್ಪುವರೆಂದು ನಮಗೆ ನಂಬಿಕೆಯಿದೆ. ವಿಧಿಗೆ ಅಂಜಿ ಗೂಡಿನಲ್ಲಿ ಇಡಿಸಿದವರು ವಿಧಿಯನ್ನು ಕೇಳಿ ಹೊರಕ್ಕೆ ತೆಗೆಯುವರು. ನೈವೇದ್ಯಕ್ಕೆ ಬೇರೆ ತಟ್ಟೆ ಬೇಕಾಗಿಲ್ಲ. ಬಿಲ್ವದೊಡನೆ ಒಂದು ತುಳಸಿಯ ಕುಡಿಯನ್ನೂ ತಂದಿಟ್ಟುಕೊಳ್ಳಿರಿ; ಗಣಪತಿಯು ಇದ್ದರೆ ಅವನಿಗೆ ಮಾತ್ರ ತುಳಸಿಯನ್ನು ಏರಿಸದೆ ಗರಿಕೆಯನ್ನು ಕೊಡಿರಿ. ಹಾಲು ಒಂದು ಬಟ್ಟಲು ಸಾಕು.